ಕೀವರ್ಡ್ ಹುಡುಕುವ ಮೊದಲು ನಿಮ್ಮ ವಾಟ್ಸಾಪ್ ತೆಗೆದು ನೋಡಿ

ವೆಬ್‌ಸೈಟ್ ಮಾಡಿದ್ದೇವೆ, ಜನ ಬರುತ್ತಿಲ್ಲ ಅನ್ನುವ ಪ್ರಶ್ನೆಗಳೇ ಈ ಸಲ ಜಾಸ್ತಿ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಎಲ್ಲವೂ ಕೀವರ್ಡ್ ಬಗ್ಗೆ, ಅಂದರೆ ಜನ ಗೂಗಲ್‌ನಲ್ಲಿ ಹುಡುಕಲು ಟೈಪ್ ಮಾಡುವ ಪದಗಳ ಬಗ್ಗೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದವರೂ ಅದನ್ನು ಓದಿ, ನಿಮ್ಮ ಅರ್ಧ ಉತ್ತರ ಅಲ್ಲೇ ಇದೆ.

ಪ್ರಶ್ನೆ: ನಮ್ಮದು ಇಳಕಲ್ ಸೀರೆ ವ್ಯಾಪಾರ. ಅಪ್ಪನ ಕಾಲದ ಅಂಗಡಿ, ಮನೆಯಲ್ಲಿ ಕೈಮಗ್ಗವೂ ಇದೆ. ಕಳೆದ ವರ್ಷ ವೆಬ್‌ಸೈಟ್ ಮಾಡಿಸಿದೆವು. ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಮಾಡುವವರೊಬ್ಬರು 200 ಕೀವರ್ಡ್‌ಗಳ ಪಟ್ಟಿ ಕೊಟ್ಟರು. ‘ಸಿಲ್ಕ್ ಸಾರಿ’, ‘ಸಾರಿ ಆನ್‌ಲೈನ್’, ‘ಬೆಸ್ಟ್ ಕಾಟನ್ ಸಾರಿ’ ಈ ಥರದವು. ಎಲ್ಲ ಪೇಜಿನಲ್ಲೂ ಹಾಕಿದ್ದೇವೆ, ಆದರೂ ಆರ್ಡರ್ ಇಲ್ಲ. ಮೊದಲ ಪುಟಕ್ಕೆ ತಂದೇ ತರುತ್ತೇವೆ ಅಂತ ಗ್ಯಾರಂಟಿ ಕೊಟ್ಟಿದ್ದರು. ಎಲ್ಲಿ ತಪ್ಪಿದ್ದೇವೆ? — ಬಾಗಲಕೋಟೆ ಜಿಲ್ಲೆಯ ಓದುಗರು

ಉತ್ತರ: ಗ್ಯಾರಂಟಿ ವಿಷಯ ಮೊದಲು ಮುಗಿಸಿಬಿಡೋಣ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಇನ್ನು ಮುಂದೆ ಯಾರಾದರೂ ಆ ಮಾತು ಆಡಿದರೆ ಚಹಾ ಕೊಟ್ಟು ಕಳಿಸಿ.

ಈಗ ಪಟ್ಟಿಗೆ ಬರೋಣ. ‘ಸಿಲ್ಕ್ ಸಾರಿ’ ಅಂತ ಒಮ್ಮೆ ಹುಡುಕಿ ನೋಡಿ. ಅಮೆಜಾನ್, ಮಿಂತ್ರಾ, ದೊಡ್ಡ ದೊಡ್ಡ ಸೀರೆ ಮಳಿಗೆಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ನಿಮಗೆ ಕಾಲಿಡಲು ಜಾಗ ಇಲ್ಲ. ಜಾಗ ಸಿಕ್ಕರೂ ಏನು ಲಾಭ? ಆ ಪದ ಹಾಕಿದವರಿಗೆ ಕಾಂಜೀವರಂ ಬೇಕೋ, ಬನಾರಸಿ ಬೇಕೋ, ಸುಮ್ನೆ ಫೋಟೋ ನೋಡಬೇಕೋ ಗೊತ್ತಿಲ್ಲ. ನಿಮ್ಮಲ್ಲಿರುವುದು ಇಳಕಲ್. ಅದೇ ಬೇಕು ಅನ್ನುವವರು ಏನಂತ ಟೈಪ್ ಮಾಡುತ್ತಾರೆ ಅನ್ನುವುದಷ್ಟೇ ನಿಮಗೆ ಮುಖ್ಯ.

ಅದನ್ನು ತಿಳಿಯಲು ಯಾವ ಟೂಲೂ ಬೇಡ. ಅಂಗಡಿಯ ವಾಟ್ಸಾಪ್ ತೆಗೆಯಿರಿ. ಹಳೆಯ ಮೆಸೇಜ್‌ಗಳನ್ನು ಕೂತು ಓದಿ. ಗಿರಾಕಿಗಳು ಬಳಸಿದ ಪದಗಳನ್ನು ಅವರು ಬರೆದ ಹಾಗೇ, ಕಾಗುಣಿತ ತಿದ್ದದೆ, ಒಂದು ಹಾಳೆಗೆ ಇಳಿಸಿ. ‘ಸೆರಗು ಟೋಪ್ ತೆನಿ ಇದೆಯಾ’, ‘9 ವಾರದ್ದು ಸಿಗುತ್ತಾ’, ‘ಕೈಮಗ್ಗದ್ದೋ ಪವರ್‌ಲೂಮೋ’, ‘ಬಣ್ಣ ಬಿಡುತ್ತಾ’, ‘ಕಸೂತಿ ಹಾಕಿದ್ದು ತೋರಿಸಿ’. ಇವೇ ನಿಮ್ಮ ಕೀವರ್ಡ್‌ಗಳು. 200 ಪದದ ಪಟ್ಟಿಯಲ್ಲಿ ಇವುಗಳಲ್ಲಿ ಒಂದಾದರೂ ಇತ್ತಾ?

ಹಾಳೆಯಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ. ನಿಮ್ಮ ಸೀರೆಗೆ ಮಹಾರಾಷ್ಟ್ರದಲ್ಲಿ ದೊಡ್ಡ ಮಾರುಕಟ್ಟೆ ಇದೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಲ್ಲಿನವರು ಇದನ್ನು ‘ಇರಕಲ್’ ಅನ್ನುತ್ತಾರೆ. ಇಂಗ್ಲಿಷ್‌ನಲ್ಲೂ ಎಲ್ ಬದಲು ಆರ್ ಹಾಕಿ ಟೈಪ್ ಮಾಡುತ್ತಾರೆ. ನಿಮ್ಮ ಇಡೀ ವೆಬ್‌ಸೈಟಿನಲ್ಲಿ ಆ ಪದ ಒಂದು ಸಲವೂ ಇಲ್ಲ, ನಾನು ನೋಡಿದೆ. ಜೊತೆಗೆ ನೀವು ಗುಳೇದಗುಡ್ಡದ ರವಿಕೆ ಬಟ್ಟೆ ಖಣವನ್ನೂ ಮಾರುತ್ತೀರಿ. ಅದನ್ನೂ ಇಂಗ್ಲಿಷ್‌ನಲ್ಲಿ ‘khun’ ಅಂತ ಟೈಪ್ ಮಾಡುವವರಿದ್ದಾರೆ. ಸಂಕ್ರಾಂತಿಗೆ ಮಹಾರಾಷ್ಟ್ರದ ಹೆಂಗಸರು ಕಪ್ಪು ಸೀರೆ ಉಡುವ ರೂಢಿ ಇದೆ, ಅಲ್ವಾ? ‘ಕಪ್ಪು ಇರಕಲ್’ ಸೀರೆಗೆ ಒಂದು ಪೇಜ್ ಮಾಡಿ. ಅದನ್ನು ಜನವರಿಯಲ್ಲಿ ಹಾಕಿದರೆ ತಡವಾಯಿತು. ಗೂಗಲ್ ಹೊಸ ಪೇಜನ್ನು ನೋಡಿ, ಅದಕ್ಕೊಂದು ಜಾಗ ಕೊಡಲು ಸಮಯ ಬೇಕು. ದಸರೆ ಮುಗಿಯುವಷ್ಟರಲ್ಲಿ ಪೇಜ್ ಸಿದ್ಧವಿರಲಿ.

ಈಗ ಟೂಲ್‌ಗಳ ಸರದಿ. ಗೂಗಲ್ ಟ್ರೆಂಡ್ಸ್‌ನಲ್ಲಿ ‘ಇಳಕಲ್’, ‘ಇರಕಲ್’ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹೋಲಿಸಿ. ಯಾವ ರಾಜ್ಯದಲ್ಲಿ ಯಾವ ಪದ, ಯಾವ ತಿಂಗಳಲ್ಲಿ ಏರುತ್ತದೆ ಅನ್ನುವುದು ತಿಳಿಯುತ್ತದೆ. ಆದರೆ ಅಲ್ಲಿ ಕಾಣುವ 0ರಿಂದ 100ರ ಅಂಕಿ ಜನರ ಲೆಕ್ಕ ಅಲ್ಲ. ಅತಿ ಜಾಸ್ತಿ ಹುಡುಕಿದ ಹೊತ್ತನ್ನು 100 ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸುತ್ತದೆ, ಅಷ್ಟೇ.

ಅಂದಾಜು ಸಂಖ್ಯೆ ಬೇಕಿದ್ದರೆ ಗೂಗಲ್ ಕೀವರ್ಡ್ ಪ್ಲಾನರ್ ಇದೆ. ಗೂಗಲ್ ಆ್ಯಡ್ಸ್ ಖಾತೆಯ ಒಳಗೆ ಸಿಗುತ್ತದೆ. ಜಾಹೀರಾತಿಗೆ ಹಣ ಹಾಕದವರಿಗೆ ಅದು ನಿಖರ ಸಂಖ್ಯೆ ಕೊಡುವುದಿಲ್ಲ, ‘100ರಿಂದ 1,000’ ಅಂತ ಅಗಲವಾದ ಅಂದಾಜು ಕೊಡುತ್ತದೆ. ನಿಮ್ಮ ಕೆಲಸಕ್ಕೆ ಅಷ್ಟು ಸಾಕು. ಸ್ಥಳವನ್ನು ಇಡೀ ಭಾರತ ಅಂತ ಬಿಡಬೇಡಿ. ಒಮ್ಮೆ ಕರ್ನಾಟಕ, ಒಮ್ಮೆ ಮಹಾರಾಷ್ಟ್ರ ಅಂತ ಬೇರೆ ಬೇರೆ ಹಾಕಿ ನೋಡಿ. ಅಲ್ಲಿರುವ ‘ಕಾಂಪಿಟಿಷನ್’ ಕಾಲಂ ನೋಡಿ ಎಷ್ಟೋ ಜನ ಮೋಸ ಹೋಗುತ್ತಾರೆ. ಆ ಪದಕ್ಕೆ ಜಾಹೀರಾತು ಕೊಡುವವರ ಪೈಪೋಟಿ ಎಷ್ಟಿದೆ ಅನ್ನುವುದನ್ನು ಅದು ಹೇಳುತ್ತದೆ. ಹಣ ಕೊಡದೆ ಮೇಲೆ ಬರುವುದು ಸುಲಭವೋ ಕಷ್ಟವೋ ಅನ್ನುವುದನ್ನು ಹೇಳುವುದಿಲ್ಲ. ನಿಮ್ಮ ಪಟ್ಟಿ ಮಾಡಿದವರೂ ಆ ಕಾಲಮ್ಮನ್ನೇ ನಂಬಿದಂತಿದೆ.

ಸುಲಭವೋ ಕಷ್ಟವೋ ತಿಳಿಯಲು ಆ ಪದವನ್ನೇ ಹುಡುಕಿ, ಮೊದಲ ಪುಟದಲ್ಲಿ ಯಾರಿದ್ದಾರೆ ಅಂತ ಕಣ್ಣಾರೆ ನೋಡುವುದು ಒಳ್ಳೆಯದು. ಇನ್‌ಕಾಗ್ನಿಟೋ ವಿಂಡೋದಲ್ಲಿ ನೋಡಿ, ನಿಮ್ಮ ಹಳೆಯ ಹುಡುಕಾಟದ ನೆರಳು ಬೀಳಬಾರದು. ಹತ್ತರಲ್ಲಿ ಹತ್ತೂ ದೊಡ್ಡ ಕಂಪನಿಗಳಿದ್ದರೆ ಬಿಟ್ಟುಬಿಡಿ. ನಿಮ್ಮಂಥ ಸಣ್ಣ ಅಂಗಡಿಯೋ, ಪ್ರಶ್ನೋತ್ತರದ ಸೈಟ್ ಕೋರಾದ ಹಳೆಯ ಉತ್ತರವೋ, ಅರೆಬರೆ ಬರೆದ ಲೇಖನವೋ ಕಂಡರೆ ಅಲ್ಲಿ ದಾರಿ ಇದೆ.

ಅದೇ ಪುಟದಲ್ಲಿ ಇನ್ನೊಂದನ್ನೂ ಗಮನಿಸಿ. ಬಂದಿರುವುದು ಮಾರಾಟದ ಪೇಜ್‌ಗಳೋ, ಲೇಖನಗಳೋ? ‘ಅಸಲಿ ಇಳಕಲ್ ಗುರುತಿಸುವುದು ಹೇಗೆ’ ಅಂತ ಹುಡುಕಿದರೆ ಲೇಖನ, ವಿಡಿಯೋ ಬರುತ್ತವೆ. ಅಲ್ಲಿ ನಿಮ್ಮ ಸೀರೆ ಪಟ್ಟಿಯ ಪೇಜ್ ಎಷ್ಟು ಚೆನ್ನಾಗಿದ್ದರೂ ಮೇಲೇರುವುದು ಕಷ್ಟ. ಹುಡುಕುವವರಿಗೆ ಈಗ ಬೇಕಿರುವುದು ಮಾಹಿತಿ. ಅದಕ್ಕೆ ಮಗ್ಗದ ಪಕ್ಕ ನಿಂತು ಬರೆದ ಲೇಖನ ಬೇಕು. ಒಡಲಿನ ಹಾಸು (ಮಗ್ಗದ ಉದ್ದದ ನೂಲು) ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವುದನ್ನು ಹಂತ ಹಂತವಾಗಿ ಫೋಟೋ ಹಾಕಿ ತೋರಿಸಿ. ದೊಡ್ಡ ಕಂಪನಿಯ ಆಫೀಸಿನಲ್ಲಿ ಕೂತು ಬರೆಯುವವರ ಬಳಿ ಮಗ್ಗ ಇಲ್ಲ. ನಿಮ್ಮ ಮನೆಯಲ್ಲಿದೆ. ಆ ಲೇಖನದ ಒಳಗಿಂದ ಮಾರಾಟದ ಪೇಜಿಗೆ ಲಿಂಕ್ ಕೊಡಿ.

‘ಇಳಕಲ್’ಗೆ ಒಂದು ಪೇಜ್, ‘ಇರಕಲ್’ಗೆ ಇನ್ನೊಂದು ಮಾಡಬೇಕಾ ಅಂತ ಕೇಳುತ್ತೀರಿ. ಎರಡನ್ನೂ ಹುಡುಕಿ, ಬಂದ ಫಲಿತಾಂಶ ಹೋಲಿಸಿ. ಬಹುಪಾಲು ಅವೇ ವೆಬ್‌ಸೈಟ್‌ಗಳು ಬಂದರೆ ಗೂಗಲ್ ಎರಡನ್ನೂ ಒಂದೇ ಅಂತ ತಿಳಿದಿದೆ. ಆಗ ಒಂದೇ ಪೇಜಿನಲ್ಲಿ ಎರಡೂ ಹೆಸರು ಬರಲಿ. ಫಲಿತಾಂಶ ಪೂರ್ತಿ ಬೇರೆಯಾಗಿದ್ದರೆ ಮಾತ್ರ ಬೇರೆ ಪೇಜ್. ಒಂದೇ ವಿಷಯಕ್ಕೆ ಐದು ಪೇಜ್ ಮಾಡಿದರೆ ನಿಮ್ಮ ಪೇಜ್‌ಗಳೇ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ.

ಮೊದಲು ಆರೇಳು ಪೇಜ್ ಸಾಕು. ಗೂಗಲ್‌ನ ಸರ್ಚ್ ಕನ್ಸೋಲ್ ಜೋಡಿಸಿಕೊಳ್ಳಿ, ಅದು ಉಚಿತ. ಯಾವ ಪದಕ್ಕೆ ನಿಮ್ಮ ಪೇಜ್ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ ಅನ್ನುವುದೆಲ್ಲ ಅಲ್ಲಿ ಸಿಗುತ್ತದೆ, 16 ತಿಂಗಳಷ್ಟು ಹಿಂದಿನವರೆಗೂ. ಮೂರು ತಿಂಗಳಾದ ಮೇಲೆ 8ರಿಂದ 20ನೇ ಸ್ಥಾನದೊಳಗೆ ಇರುವ ಪದಗಳನ್ನು ಸೋಸಿ ತೆಗೆಯಿರಿ. ನೀವು ಊಹಿಸದ ಪದಗಳೂ ಅಲ್ಲಿರುತ್ತವೆ. ಹೊಸ ಪೇಜ್ ಬರೆಯುವುದಕ್ಕಿಂತ ಇವುಗಳನ್ನು ಸರಿಪಡಿಸಿದರೆ ಬೇಗ ಫಲ ಕಾಣುತ್ತದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ‘ಹೋಂಸ್ಟೇ ನಿಯರ್ ಮಿ’ ಅಂತ ಜನ ತುಂಬಾ ಹುಡುಕುತ್ತಾರಂತೆ. ಅದನ್ನು ವೆಬ್‌ಸೈಟಿನಲ್ಲಿ ಹಾಕಲೇ? ಸುತ್ತಲಿನ ಪ್ರತಿ ಊರಿಗೂ ಒಂದೊಂದು ಪೇಜ್ ಮಾಡಿ ಅಂತಲೂ ಒಬ್ಬರು ಹೇಳಿದರು.

ಉತ್ತರ: ಎರಡೂ ಬೇಡ. ‘ನಿಯರ್ ಮಿ’ ಅಂದಾಗ ಗೂಗಲ್ ನೋಡುವುದು ಹುಡುಕುವವರು ಎಲ್ಲಿ ನಿಂತಿದ್ದಾರೆ ಅನ್ನುವುದನ್ನು. ಆ ಎರಡು ಪದವನ್ನು ಪೇಜಿನಲ್ಲಿ ಬರೆದರೆ ನೀವು ಅವರಿಗೆ ಹತ್ತಿರವಾಗಿಬಿಡುವುದಿಲ್ಲ. ಅದಕ್ಕೆ ಕೆಲಸ ಮಾಡುವುದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪಿನಲ್ಲಿ ನಿಮ್ಮ ಹೋಂಸ್ಟೇ ವಿವರ ತೋರಿಸುವ ಪುಟ. ಮ್ಯಾಪಿನಲ್ಲಿ ಗುರುತು ಸರಿಯಾಗಿದೆಯಾ, ಫೋನ್ ನಂಬರ್ ಇದೆಯಾ, ಫೋಟೋ ಈಚಿನದಾ, ಇಷ್ಟು ನೋಡಿಕೊಳ್ಳಿ.

ಹೆಸರು ಮಾತ್ರ ಬದಲಿಸಿ ಊರಿಗೊಂದು ಪೇಜ್ ಮಾಡುವುದನ್ನು ಗೂಗಲ್ ಸ್ಪ್ಯಾಮ್ ಅಂತಲೇ ಎಣಿಸುತ್ತದೆ.

ನಿಮ್ಮ ಅತಿಥಿಗಳಲ್ಲಿ ಹೆಚ್ಚಿನವರು ಹೊರಡುವ ಮೊದಲೇ ಬೆಂಗಳೂರಲ್ಲಿ ಕೂತು ಬುಕ್ ಮಾಡುವವರು. ಫೋನಿನಲ್ಲಿ ಅವರು ಕೇಳುವುದೇನು? ಮಳೆಗಾಲದಲ್ಲಿ ಜಿಗಣೆ ಇರುತ್ತಾ, ಸಣ್ಣ ಕಾರು ಮನೆವರೆಗೂ ಬರುತ್ತಾ, ನಾಯಿ ಕರೆದುಕೊಂಡು ಬರಬಹುದಾ, ವೆಜ್ ಊಟ ಬೇರೆ ಮಾಡುತ್ತೀರಾ, ಮಂಜರಾಬಾದ್ ಕೋಟೆ ಎಷ್ಟು ದೂರ, ರೈಲಿಗೆ ಬಂದರೆ ಸ್ಟೇಷನ್ನಿಂದ ಆಟೋ ಸಿಗುತ್ತಾ. ಇವನ್ನೇ ಗೂಗಲ್‌ನಲ್ಲೂ ಟೈಪ್ ಮಾಡುತ್ತಾರೆ. ‘ಸಕಲೇಶಪುರ ಹೋಂಸ್ಟೇ’ ಅಂತ ಬರೆದು ಮುಂದೆ ಜಾಗ ಬಿಟ್ಟು ನಿಲ್ಲಿಸಿ, ಗೂಗಲ್ ತಾನೇ ಕೆಳಗೆ ಪದಗಳನ್ನು ತೋರಿಸುತ್ತದೆ. ಬೇರೆಯವರು ಹುಡುಕಿದ್ದರಿಂದಲೇ ಬಂದ ಪದಗಳು ಅವು. ಒಂದೊಂದೇ ಇಂಗ್ಲಿಷ್ ಅಕ್ಷರ ಸೇರಿಸುತ್ತಾ ಹೋದರೆ ಇನ್ನಷ್ಟು ಸಿಗುತ್ತವೆ. ಬುಕಿಂಗ್ ಸೈಟುಗಳನ್ನು ‘ಸಕಲೇಶಪುರ ಹೋಂಸ್ಟೇ’ ಪದದಲ್ಲಿ ಸೋಲಿಸುವುದು ಕಷ್ಟ. ಜಿಗಣೆಯ ಪ್ರಶ್ನೆಗೆ ಅವರ ಬಳಿ ಉತ್ತರ ಇಲ್ಲ, ನಿಮ್ಮ ಬಳಿ ಇದೆ. ಮತ್ತೆ, ಇರುತ್ತೆ ಅಂತ ನಿಜ ಬರೆಯಿರಿ. ಬಂದ ಮೇಲೆ ಹೇಗಿದ್ದರೂ ಗೊತ್ತಾಗುತ್ತದೆ.

ಪ್ರಶ್ನೆ: ಕನ್ನಡದಲ್ಲಿ ಅಡುಗೆ ವೆಬ್‌ಸೈಟ್ ಶುರು ಮಾಡಿದ್ದೇನೆ. ಜನ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ. ಕೀವರ್ಡನ್ನು ಯಾವ ಲಿಪಿಯಲ್ಲಿ ಬರೆಯಬೇಕು? ಟೂಲ್‌ನಲ್ಲಿ ಕನ್ನಡ ಪದ ಹಾಕಿದರೆ ಸೊನ್ನೆ ಅಂತ ಬರುತ್ತದೆ. — ದಾವಣಗೆರೆಯ ಓದುಗರು

ಉತ್ತರ: ಬರಹ ಕನ್ನಡ ಲಿಪಿಯಲ್ಲೇ ಇರಲಿ. ಹುಡುಕುವವರಲ್ಲಿ ಮೂರು ಥರದವರಿದ್ದಾರೆ. ಕನ್ನಡ ಲಿಪಿಯಲ್ಲಿ ಬರೆಯುವವರು, ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು, ಕೊನೆಗೆ ‘ರೆಸಿಪಿ ಇನ್ ಕನ್ನಡ’ ಅಂತ ಸೇರಿಸುವವರು. ಮೈಕ್ ಒತ್ತಿ ಮಾತಾಡುವವರು ಮೊದಲ ಗುಂಪಿಗೆ ಸೇರುತ್ತಾರೆ, ಫೋನನ್ನು ಕನ್ನಡಕ್ಕೆ ಹೊಂದಿಸಿದ್ದರೆ. ಪೇಜಿನ ಹೆಸರು ಕನ್ನಡದಲ್ಲಿ ಬರೆದು, ಕೊನೆಯಲ್ಲಿ ಒಂದೇ ಸಲ ಇಂಗ್ಲಿಷ್ ಅಕ್ಷರದಲ್ಲೂ ತಿಂಡಿಯ ಹೆಸರು ಹಾಕಿದರೆ ಮೂವರಿಗೂ ಆಯಿತು. ಒಳಗೆ ಸಾಲು ಸಾಲಿಗೂ ಇಂಗ್ಲಿಷ್ ಅಕ್ಷರ ತುರುಕಬೇಡಿ, ಓದುವವರಿಗೆ ಹಿಂಸೆ.

ವಿಳಾಸ, ಅಂದರೆ ಯುಆರ್‌ಎಲ್, ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದಲ್ಲಿಟ್ಟರೆ ತಪ್ಪೇನೂ ಇಲ್ಲ, ಗೂಗಲ್ ಓದುತ್ತದೆ. ಆದರೆ ಎಷ್ಟೋ ಕಡೆ ಅದನ್ನು ಕಾಪಿ ಮಾಡಿ ಅಂಟಿಸಿದಾಗ ಅದು ಶೇಕಡಾ ಚಿಹ್ನೆಗಳ ಸಂತೆ ಆಗಿಬಿಡುತ್ತದೆ. ‘ಪಡ್ಡು’ ಅನ್ನುವ ಪುಟ್ಟ ಪದ 45 ಚಿಹ್ನೆಯಷ್ಟು ಉದ್ದ ಆಗುತ್ತದೆ. ವಾಟ್ಸಾಪಿನಲ್ಲಿ ಅಂಥ ಲಿಂಕ್ ಕಂಡರೆ ಜನ ವೈರಸ್ ಅಂತ ಹೆದರುತ್ತಾರೆ.

ಪಡ್ಡು ಅಂದಾಗ ನೆನಪಾಯಿತು. ನಿಮ್ಮ ಕಡೆ ಪಡ್ಡು, ಇನ್ನೊಂದು ಕಡೆ ಗುಳಿಯಪ್ಪ, ಬೆಂಗಳೂರು ಕಡೆ ಗುಂಡುಪೊಂಗ್ಲು. ಲೇಖನದ ಮೊದಲ ಪ್ಯಾರಾದಲ್ಲೇ ಈ ಮೂರೂ ಹೆಸರು ಸಹಜವಾಗಿ ಬರಲಿ. ಬೇರೆ ಜಿಲ್ಲೆಯ ನೆಂಟರಿಗೆ ಫೋನ್ ಮಾಡಿ, ‘ನಿಮ್ಮಲ್ಲಿ ಇದಕ್ಕೆ ಏನಂತೀರಿ’ ಅಂತ ಕೇಳಿ. ಕನ್ನಡದ ಅಡುಗೆಗೆ ಇದಕ್ಕಿಂತ ಒಳ್ಳೆಯ ಕೀವರ್ಡ್ ಟೂಲ್ ನನಗೆ ಗೊತ್ತಿಲ್ಲ.

ಸೊನ್ನೆ ನೋಡಿ ಗಾಬರಿ ಬೇಡ. ಟೂಲ್‌ನಲ್ಲಿ ಸೊನ್ನೆ ಅಂದರೆ ಅದರ ಬಳಿ ಲೆಕ್ಕ ಇಲ್ಲ ಅಂತ. ಯಾರೂ ಹುಡುಕುತ್ತಿಲ್ಲ ಅಂತಲ್ಲ. ಪ್ರತಿದಿನ ಬರುವ ಹುಡುಕಾಟಗಳಲ್ಲಿ ಸುಮಾರು ಶೇ. 15ರಷ್ಟು ಹಿಂದೆಂದೂ ಬಂದಿಲ್ಲದವು ಅಂತ ಗೂಗಲ್ಲೇ ಹೇಳಿದೆ. ಪದವನ್ನು ಟೈಪ್ ಮಾಡುವಾಗ ಗೂಗಲ್ ತಾನಾಗಿ ಪೂರ್ತಿ ಮಾಡಿ ತೋರಿಸಿದರೆ, ಹುಡುಕುವವರು ಇದ್ದಾರೆ ಅಂತ ಲೆಕ್ಕ. ಧೈರ್ಯವಾಗಿ ಬರೆಯಿರಿ.

ಪ್ರಶ್ನೆ: ಕೀವರ್ಡ್ ಒಂದು ಪೇಜಿನಲ್ಲಿ ಎಷ್ಟು ಸಲ ಬರಬೇಕು? ಪೇಜಿನ ಕೋಡ್‌ನಲ್ಲಿ ಕೀವರ್ಡ್ ಪಟ್ಟಿ ಹಾಕುವ ಮೆಟಾ ಕೀವರ್ಡ್ಸ್ ಟ್ಯಾಗ್ ತುಂಬಬೇಕಾ? ಅಹ್ರೆಫ್ಸ್, ಸೆಮ್‌ರಶ್ ಥರದ ದುಬಾರಿ ಕೀವರ್ಡ್ ಟೂಲ್ ಕೊಳ್ಳಬೇಕಾ?

ಉತ್ತರ: ಎಷ್ಟು ಸಲ ಅನ್ನುವುದಕ್ಕೆ ಲೆಕ್ಕ ಇಲ್ಲ. ಪೇಜಿನ ಟೈಟಲ್‌ನಲ್ಲಿ (ಗೂಗಲ್ ಫಲಿತಾಂಶದಲ್ಲಿ ಕಾಣುವ ಹೆಸರು), ಪೇಜಿನೊಳಗಿನ ಮುಖ್ಯ ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ ಬರಲಿ. ಉಳಿದ ಕಡೆ ಮಾತಿನಲ್ಲಿ ಬಂದಷ್ಟು. ಜೋರಾಗಿ ಓದಿ ನೋಡಿ, ನಿಮಗೇ ಮುಜುಗರ ಆದರೆ ಜಾಸ್ತಿ ಆಗಿದೆ ಅಂತ.

ಮೆಟಾ ಕೀವರ್ಡ್ಸ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಅದನ್ನು ತುಂಬಲು ಈಗಲೂ ಹಣ ತೆಗೆದುಕೊಳ್ಳುವವರಿದ್ದಾರೆ. ಕೊಡಬೇಡಿ. ಮೆಟಾ ಡಿಸ್ಕ್ರಿಪ್ಷನ್ ಬೇರೆ, ಅದು ಪೇಜಿನ ಬಗ್ಗೆ ಬರೆದಿಡುವ ಚುಟುಕು ವಿವರ. ಅದರಿಂದಲೂ ಸ್ಥಾನ ಏರುವುದಿಲ್ಲ, ಆದರೆ ಫಲಿತಾಂಶದ ಕೆಳಗೆ ಎಷ್ಟೋ ಸಲ ಆ ಸಾಲೇ ಕಾಣುವುದರಿಂದ ಎರಡು ಸಾಲು ಚೆನ್ನಾಗಿ ಬರೆಯಿರಿ.

ದುಬಾರಿ ಟೂಲ್ ಈಗ ಬೇಡ. ಅವು ಕೊಡುವ ಸಂಖ್ಯೆಯೂ ಅಂದಾಜೇ. ನಿಮ್ಮದೇ ಸೈಟನ್ನು ನೋಡಿಕೊಳ್ಳಲು ಅಹ್ರೆಫ್ಸ್‌ನವರ ವೆಬ್‌ಮಾಸ್ಟರ್ ಟೂಲ್ಸ್ ಉಚಿತವಾಗಿ ಸಿಗುತ್ತದೆ. ಅದು, ಸರ್ಚ್ ಕನ್ಸೋಲ್, ಜೊತೆಗೊಂದು ನೋಟ್‌ಬುಕ್ ಇದ್ದರೆ ಮೊದಲ ವರ್ಷ ಸಾಗುತ್ತದೆ. ಸೈಟಿನಿಂದ ಆದಾಯ ಬರಲು ಶುರುವಾಗಿ, ಕೈಯಲ್ಲಿ ಲೆಕ್ಕ ಹಾಕಲಾಗದಷ್ಟು ಪೇಜ್‌ಗಳಾದಾಗ ಒಂದು ತಿಂಗಳ ಮಟ್ಟಿಗೆ ಕೊಂಡು ನೋಡಿ. ಬೇಕಾದ್ದನ್ನು ಡೌನ್‌ಲೋಡ್ ಮಾಡಿಕೊಂಡು, ಅದು ತಾನಾಗಿ ರಿನ್ಯೂ ಆಗುವ ಮೊದಲೇ ನಿಲ್ಲಿಸಿ.