ಅರ್ಧ ಇಂಚಿನ ಪೈಪಿಗೆ ಅರ್ಧ ಇಂಚಿನ ಕಪ್ಲರ್ ಯಾಕೆ ಕೂರಲ್ಲ?

ಪ್ರಶ್ನೆ: ಬಾತ್‌ರೂಮಲ್ಲಿ ಸಿಪಿವಿಸಿ (ಬಿಸಿನೀರಿಗೂ ಆಗೋ ಪ್ಲಾಸ್ಟಿಕ್) ಪೈಪ್ ಸೀಳು ಬಿಟ್ಟಿದೆ. ಅಂಗಡೀಲಿ ಅರ್ಧ ಇಂಚು ಅಂತ ಕೇಳಿ ಕಪ್ಲರ್ (ಎರಡು ಪೈಪ್ ಜೋಡಿಸೋ ತುಂಡು) ತಂದ್ರೆ ಲೊಡಲೊಡ ಅಂತಿದೆ. ಪೈಪ್ ಅಂಟಿಸೋ ಸೊಲ್ಯೂಷನ್ ಜಾಸ್ತಿ ಹಚ್ಚಿದ್ರೆ ಹಿಡ್ಕೊಳುತ್ತಾ?

ಉತ್ತರ: ಇಲ್ಲ, ದಯವಿಟ್ಟು ಹಾಗೆ ಮಾಡೋಕೆ ಹೋಗ್ಬೇಡಿ. ನೀವು ತಂದಿರೋದು ಬಹುಶಃ ಯುಪಿವಿಸಿ (ತಣ್ಣೀರಿಗೆ ಮಾತ್ರ ಆಗೋ ಪ್ಲಾಸ್ಟಿಕ್) ಕಪ್ಲರ್. ಅರ್ಧ ಇಂಚು ಅನ್ನೋದು ಸೈಜಿಗೆ ಇಟ್ಟಿರೋ ಹೆಸರು ಅಷ್ಟೇ, ಅಳೆದು ನೋಡಿದ್ರೆ ಅರ್ಧ ಇಂಚಿನ ಸಿಪಿವಿಸಿ ಪೈಪಿನ ಹೊರವ್ಯಾಸ ಸುಮಾರು 15.9 ಮಿ.ಮೀ. ಇರುತ್ತೆ, ಶೆಡ್ಯೂಲ್ (ಪೈಪಿನ ದಪ್ಪದ ದರ್ಜೆ) 40 ಅಥವಾ 80 ಅಂತ ಬರೆದಿರೋ ಅರ್ಧ ಇಂಚಿನ ಯುಪಿವಿಸಿ 21.3 ಮಿ.ಮೀ. ಇರುತ್ತೆ, ಒಂದಕ್ಕೊಂದು ಸೇರೋ ಮಾತೇ ಇಲ್ಲ. ಅದಕ್ಕೇ ಬರೀ ಸೈಜ್ ಹೇಳಿ ಕೇಳೋದಕ್ಕಿಂತ ಕತ್ತರಿಸಿದ ತುಂಡನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ, ಅದರ ಮೈಮೇಲೆ ಪ್ರಿಂಟ್ ಆಗಿರೋದನ್ನ ಓದಿ, ಅಲ್ಲೇ ತೂರಿಸಿ ನೋಡಿ. ಸೊಲ್ಯೂಷನ್ ಹಚ್ಚದೆ ತೂರಿಸಿದಾಗ ಪೈಪು ಸಾಕೆಟ್ (ಫಿಟ್ಟಿಂಗಿನ ಬಾಯಿ) ಒಳಗೆ ಅರ್ಧದ ಆಸುಪಾಸು ಹೋಗಿ ಬಿಗಿಯಾಗಿ ನಿಲ್ಲಬೇಕು, ಸಲೀಸಾಗಿ ತಳ ಮುಟ್ಟಿ ಅಲ್ಲಾಡಿದ್ರೆ ಆ ಫಿಟ್ಟಿಂಗ್ ಬೇಡ.

ಸೊಲ್ಯೂಷನ್ ಸಂದಿ ತುಂಬೋ ಗೋಂದಲ್ಲ. ಅದು ಎರಡೂ ಕಡೆ ಪ್ಲಾಸ್ಟಿಕ್ಕನ್ನ ಕರಗಿಸಿ ಒಂದು ಮಾಡೋದು, ಹಾಗಾಗಿ ಮೈಗೆ ಮೈ ತಾಗಿರಲೇಬೇಕು. ಸಿಪಿವಿಸಿಗೆ ಸಿಪಿವಿಸಿ ಸೊಲ್ಯೂಷನ್ನೇ ಹಾಕಿ, ಮನೇಲಿ ಯುಪಿವಿಸಿದು ಡಬ್ಬ ಉಳಿದಿದೆ ಅಂತ ಅದನ್ನ ಬಳಿಬೇಡಿ. ಪೈಪು ನೇರ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಒಣ ಬಟ್ಟೇಲಿ ಒರೆಸಿ, ಪೈಪಿಗೆ ಧಾರಾಳವಾಗಿ ಸಾಕೆಟ್ ಒಳಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸ್ತಾ ತಳದವರೆಗೂ ಒತ್ತಿ ಅರ್ಧ ನಿಮಿಷ ಬಿಡದೆ ಹಿಡ್ಕೊಳ್ಳಿ, ಬೇಗ ಬಿಟ್ರೆ ಪೈಪ್ ತಾನೇ ಹಿಂದಕ್ಕೆ ಜಾರುತ್ತೆ. ಬಾಯಿ ಸುತ್ತ ಸೊಲ್ಯೂಷನ್ ಸಣ್ಣ ಬಳೆ ಥರ ಎಲ್ಲೂ ತುಂಡಾಗದೆ ಕಾಣ್ಬೇಕು. ವಾಲ್ವ್ ಮುಚ್ಚಿದ್ಮೇಲೂ ತೊಟ್ಟಿಕ್ತಿದ್ರೆ ಕೆಳಗಿನ ನಲ್ಲಿ ತೆರೆದು ಲೈನ್ ಖಾಲಿ ಮಾಡಿ, ಒದ್ದೆ ಮೇಲೆ ಹಚ್ಚಿದ್ದು ನಿಲ್ಲಲ್ಲ. ಎಷ್ಟು ಹೊತ್ತು ಬಿಟ್ಟು ನೀರು ಬಿಡ್ಬೇಕು ಅನ್ನೋದು ಡಬ್ಬದ ಮೇಲೆ ಇರುತ್ತೆ, ಚಳಿ ಇದ್ದಾಗ ಜಾಸ್ತಿ ಬೇಕು. ಇನ್ನೊಂದು, ಪೈಪಿನ ಎರಡೂ ತುದಿ ಗೋಡೇಲಿ ಹೂತಿದ್ದು ಎಳೆಯೋಕೆ ಬಗ್ಗಿಸೋಕೆ ಆಗ್ದಿದ್ರೆ ಕೊನೇ ಜಾಯಿಂಟ್ ಕಪ್ಲರಲ್ಲಿ ಕೂರೋದೇ ಇಲ್ಲ, ಅಲ್ಲಿಗೆ ಯೂನಿಯನ್ (ನಟ್ ತಿರುಗಿಸಿ ಬಿಚ್ಚಿ ಜೋಡಿಸೋ ಫಿಟ್ಟಿಂಗ್) ತಗೊಳ್ಳಿ, ಮುಂದೆ ಬಿಚ್ಚೋಕೂ ಸುಲಭ.

ಪ್ರಶ್ನೆ: ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಲೈನಿಗೆ ಸಿಪಿವಿಸಿ ಸೇರಿಸಿದೀವಿ. ಥ್ರೆಡ್ ಇರೋ ಕಡೆ ಫಿಟ್ಟಿಂಗ್ ಪದೇ ಪದೇ ಸೀಳ್ತಿದೆ. ಟೈಟ್ ಸಾಲ್ತಿಲ್ವಾ?

ಉತ್ತರ: ಜಾಸ್ತಿ ಆಗಿರೋದೇ ಟೈಟು! ಜಿಐ ಪೈಪಿನ ಥ್ರೆಡ್ ತುದಿಯಿಂದ ಹಿಂದಕ್ಕೆ ದಪ್ಪ ಆಗ್ತಾ ಹೋಗುತ್ತೆ, ತಿರುಗಿಸಿದಷ್ಟೂ ಒಳಗಿಂದ ಪ್ಲಾಸ್ಟಿಕ್ಕನ್ನ ಅಗಲಿಸುತ್ತೆ, ಅವತ್ತು ಸೀಳದಿದ್ರೂ ಕೆಲವು ತಿಂಗಳಾದ್ಮೇಲೆ ಸೀಳುತ್ತೆ. ಕಬ್ಬಿಣ ಒಳಗೆ ಹೋಗೋ ಜಾಗದಲ್ಲಿ ಪೂರ್ತಿ ಪ್ಲಾಸ್ಟಿಕ್ ಇರೋದನ್ನ ಹಾಕಲೇಬೇಡಿ, ಹಿತ್ತಾಳೆ ಥ್ರೆಡ್ ಕೂರಿಸಿರೋ ಎಫ್‌ಟಿಎ (ಒಳಗಡೆ ಥ್ರೆಡ್ ಇರೋ ಅಡಾಪ್ಟರ್) ತಗೊಳ್ಳಿ. ಟೆಫ್ಲಾನ್ ಟೇಪನ್ನ ಥ್ರೆಡ್ ತುದಿ ನಿಮ್ಮ ಕಡೆ ಇಟ್ಕೊಂಡು ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲೇ ಸುತ್ತಿ, ಉಲ್ಟಾ ಸುತ್ತಿದ್ರೆ ಕೂರಿಸುವಾಗ ಬಿಚ್ಕೊಂಡು ಬರುತ್ತೆ. ಕೈಯಲ್ಲಿ ಬಿಗಿಯಾದ್ಮೇಲೆ ಸ್ಪ್ಯಾನರಲ್ಲಿ ಒಂದೆರಡು ಸುತ್ತು, ಅಷ್ಟೇ ಸಾಕು. ಜಿಐಗೆ ಹಾಕೋ ಸೆಣಬು, ಬಣ್ಣ, ಎಣ್ಣೆ, ಗ್ರೀಸು ಇವೆಲ್ಲ ಸಿಪಿವಿಸಿ ಹತ್ರ ತರಬೇಡಿ, ಎಷ್ಟೋ ಥರದ ಎಣ್ಣೆಗಳು ಸಿಪಿವಿಸಿಯನ್ನ ಒಳಗೊಳಗೇ ಬಿರುಕು ಬಿಡಿಸ್ತವೆ. ಹಳೇ ಜಿಐ ಬಿಚ್ಚುವಾಗ ಗೋಡೆ ಒಳಗಿನ ಎಲ್ಬೋವನ್ನ ಇನ್ನೊಂದು ರೆಂಚಲ್ಲಿ ಹಿಡ್ಕೊಂಡಿರಿ, ತುಕ್ಕು ಹಿಡಿದ ಥ್ರೆಡ್ ಅಲ್ಲೇ ಮುರಿದ್ರೆ ಟೈಲ್ಸ್ ಒಡೀಬೇಕಾಗುತ್ತೆ.

ಪ್ರಶ್ನೆ: ಗೀಸರಿಗೆ ಉಳಿದಿರೋ ಯುಪಿವಿಸಿ ತುಂಡನ್ನೇ ಹಾಕ್ಬಹುದಾ?

ಉತ್ತರ: ಬೇಡ್ವೇ ಬೇಡ. ಯುಪಿವಿಸಿ ತಣ್ಣೀರಿಗೆ ಮಾತ್ರ, ಗೀಸರ್ ನೀರಿಗೆ ಮೆತ್ತಗಾಗಿ ಜೋತು ಬೀಳುತ್ತೆ. ಸಿಪಿವಿಸಿ 90 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತೆ ನಿಜ, ಆದ್ರೆ ಬಿಸಿ ಏರಿದ ಹಾಗೆ ಅದರ ಶಕ್ತಿನೂ ಇಳಿಯುತ್ತೆ, ಎಸ್‌ಡಿಆರ್ (ಹೊರವ್ಯಾಸಕ್ಕೂ ಪೈಪ್ ಗೋಡೆಯ ದಪ್ಪಕ್ಕೂ ಇರೋ ಅನುಪಾತ) 11 ಪೈಪು 23 ಡಿಗ್ರೀಲಿ 400 ಪಿಎಸ್ಐ (ಒತ್ತಡದ ಅಳತೆ) ತಡೆದ್ರೆ 82 ಡಿಗ್ರೀಲಿ 100 ಅಷ್ಟೇ. ಎಸ್‌ಡಿಆರ್ ನಂಬರ್ ಕಮ್ಮಿ ಇದ್ದಷ್ಟೂ ಪೈಪ್ ದಪ್ಪ, ಹಾಗಾಗಿ ಬಿಸಿನೀರಿಗೆ 13.5 ಬಿಟ್ಟು 11 ತಗೊಳ್ಳಿ. ಗೀಸರ್ ಬಾಯಿಗೆ ನೇರ ಪ್ಲಾಸ್ಟಿಕ್ ಜೋಡಿಸದೆ ಮಧ್ಯೆ ಲೋಹದ ಕನೆಕ್ಷನ್ ಪೈಪ್ ಇರಲಿ.

ಪ್ರಶ್ನೆ: ತಾರಸಿ ಮೇಲಿನ ಸಿಪಿವಿಸಿಗೆ ಬಿಸಿಲು ಬೀಳುತ್ತೆ, ಏನಾದ್ರೂ ಮಾಡ್ಬೇಕಾ?

ಉತ್ತರ: ಹೌದು, ಬಿಸಿಲಿಗೆ ಅದು ಪೆಡಸಾಗಿ ಪೆಟ್ಟು ತಡೆಯಲ್ಲ. ನೀರಲ್ಲಿ ಕಲಸೋ ಅಕ್ರಿಲಿಕ್ ಪೇಂಟ್, ಬಿಳಿ ಇಲ್ಲಾ ತಿಳಿ ಬಣ್ಣದ್ದು, ಹೊಡೀರಿ. ಆಯಿಲ್ ಪೇಂಟ್, ಥಿನ್ನರ್ ಮುಟ್ಟಿಸ್ಬೇಡಿ.