ಅಧ್ಯಕ್ಷರೇ, ಮೊದಲು ಪಾಸ್‌ಬುಕ್ ಕೇಳಿ

ಪತ್ರ: ಬೆಳ್ತಂಗಡಿ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 23. ಊರಿನ ನೋಂದಾಯಿತ ಯುವಕ ಮಂಡಲಕ್ಕೆ ಅಧ್ಯಕ್ಷರಾಗಿ ವರ್ಷವಾಗುತ್ತ ಬಂತು. "ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು, ದುಡಿಯಲು ನಮ್ಮ ಹುಡುಗರು, ತೀರ್ಮಾನ ಮಾತ್ರ ಗೌರವಾಧ್ಯಕ್ಷರದ್ದು. ಪಾಸ್‌ಬುಕ್ಕೂ ಅವರ ಮನೆಯಲ್ಲೇ. ರಾಜೀನಾಮೆ ಕೊಟ್ಟುಬಿಡಲೇ?"

ಸಂಪಾದಕರ ಉತ್ತರ: ಕೊಡಬೇಡಿ. ನೀವು ಎದ್ದರೆ ಆ ಕುರ್ಚಿಗೆ ಇನ್ನೊಬ್ಬ ಹುಡುಗನನ್ನು ಕೂರಿಸುತ್ತಾರೆ, ಪಾಸ್‌ಬುಕ್ ಇದ್ದಲ್ಲೇ ಇರುತ್ತದೆ.

ಹಿರಿಯರನ್ನು ಸುಮ್ನೆ ದೂರುವುದೂ ಸರಿಯಲ್ಲ. ಮಂಡಲದ ಕಟ್ಟಡಕ್ಕೆ ಕಲ್ಲು ಹೊತ್ತವರು ಅವರೇ ಇರಬಹುದು. ಮೊಸರು ಕುಡಿಕೆಗೆ ಮೈಕ್‌ನವರು, ಶಾಮಿಯಾನದವರು ಸಾಲ ಹೇಳಿದರೂ ಒಪ್ಪುವುದು ಅವರ ಮುಖ ನೋಡಿ. ಆದರೆ ಖರ್ಚು ಮಾಡುವವರು ಒಬ್ಬರು, ಲೆಕ್ಕ ಕೇಳಿದಾಗ ಉತ್ತರ ಕೊಡಬೇಕಾದವರು ಇನ್ನೊಬ್ಬರು ಅಂದರೆ ಹೇಗೆ? ಹೊಣೆ ನಿಮ್ಮದಾದ ಮೇಲೆ ಸಹಿಯೂ ನಿಮ್ಮದಾಗಬೇಕು.

'ಚಿಕ್ಕ ಹುಡುಗರ ಕೈಗೆ ದುಡ್ಡಾ?' ಎನ್ನುವವರು ಇರುತ್ತಾರೆ. ನಮ್ಮಲ್ಲಿ 1989ರಿಂದ 18 ತುಂಬಿದವರು ಮತ ಹಾಕುತ್ತಿದ್ದಾರೆ. 21 ತುಂಬಿದವರು ಗ್ರಾಮ ಪಂಚಾಯತಿಗೆ ನಿಲ್ಲಬಹುದು, ಗೆದ್ದರೆ ಅಧ್ಯಕ್ಷರೂ ಆಗಬಹುದು. ಊರಿನ ನೀರು, ರಸ್ತೆ ನೋಡಿಕೊಳ್ಳಬಹುದಾದ ವಯಸ್ಸಿನವರು ವಾಲಿಬಾಲ್ ಪಂದ್ಯಾಟದ ದುಡ್ಡು ನೋಡಿಕೊಳ್ಳಬಾರದೇ?

ನಿಮ್ಮ ಕಡೆ ಜೇಸಿ ಎಂಬ ಯುವಕರ ಸಂಸ್ಥೆಯ ಘಟಕಗಳು ಜಾಸ್ತಿ, ಅಲ್ವಾ? 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೆನ್ರಿ ಗೀಸನ್‌ಬಿಯರ್ ಅದನ್ನು ಶುರು ಮಾಡಿದಾಗ ಅವರಿಗೆ ನಿಮ್ಮದೇ ವಯಸ್ಸು. ಅಲ್ಲಿ ಅಧ್ಯಕ್ಷರಿಗೆ ಒಂದೇ ವರ್ಷ, ಸದಸ್ಯರಿಗೆ 40ರ ಮಿತಿ. ಎಷ್ಟೇ ಚೆನ್ನಾಗಿ ದುಡಿದಿದ್ದರೂ ಅವಧಿ ಮುಗಿದರೆ ಇಳಿಯಬೇಕು. (ಅವರ ಸಭೆಯ ಶಿಷ್ಟಾಚಾರಗಳು ನನಗೆ ಸ್ವಲ್ಪ ಅತಿ ಅನ್ನಿಸುತ್ತವೆ, ಅದು ಬೇರೆ ಮಾತು.) ಯಾರನ್ನೂ ಯಾರೂ ಇಳಿಸುವ ಮುಜುಗರವಿಲ್ಲ, ನಿಯಮವೇ ಇಳಿಸುತ್ತದೆ.

ನಿಮ್ಮ ವಿಷಯಕ್ಕೆ ಬರೋಣ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ವರ್ಷಕ್ಕೊಮ್ಮೆ ಮಹಾಸಭೆ ಆಗಬೇಕು. ಆಡಳಿತ ಸಮಿತಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಆ ಪಟ್ಟಿಯಲ್ಲಿ ಯಾರ ಹೆಸರಿದೆ, ಮೊದಲು ನೋಡಿ. ಎಷ್ಟೋ ಕಡೆ ಹುಡುಗರು ಅಧ್ಯಕ್ಷರಾಗುವುದು ಬ್ಯಾನರಿನಲ್ಲಿ ಮಾತ್ರ. ಕಾಗದದಲ್ಲಿ ಹಳಬರೇ ಮುಂದುವರಿದಿರುತ್ತಾರೆ.

ಆಮೇಲೆ ಸಮಿತಿ ಸಭೆ ಕರೆಯಿರಿ. ಬ್ಯಾಂಕ್ ಖಾತೆಗೆ ಅಧ್ಯಕ್ಷ ಮತ್ತು ಖಜಾಂಚಿ ಸಹಿ ಮಾಡುವುದು ಎಂದು ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ. ಬಂದವರೆಲ್ಲರ ಸಹಿ ಇರಲಿ. ಅದರ ನಕಲು ಹಿಡಿದು ಬ್ಯಾಂಕಿಗೆ ಹೋದರೆ ಮುಂದಿನದನ್ನು ಅವರು ಹೇಳುತ್ತಾರೆ. ಸಭೆಗೆ ಮುಂಚೆ ಗೌರವಾಧ್ಯಕ್ಷರ ಮನೆಗೊಮ್ಮೆ ಹೋಗಿ. ಒಬ್ಬರೇ ಹೋಗಿ, ಹಿಂಡು ಕಟ್ಟಿಕೊಂಡು ಬೇಡ. 'ತಿಂಗಳು ತಿಂಗಳು ಲೆಕ್ಕ ನಿಮಗೂ ತೋರಿಸುತ್ತೇವೆ' ಎನ್ನಿ, ತೋರಿಸಿ ಕೂಡ. ಲೆಕ್ಕ ಬರೆಯುವುದೇ ಬೇಜಾರು ಅನ್ನುವುದಾದರೆ ಈ ತಂಟೆಗೇ ಹೋಗಬೇಡಿ.

ಪದಾಧಿಕಾರಿಗಳ ಅವಧಿ, ವಯಸ್ಸಿನ ಮಿತಿ ಎರಡನ್ನೂ ಬೈಲಾಕ್ಕೆ ಸೇರಿಸುವುದು ನಂತರದ ಕೆಲಸ. ಎರಡು ವರ್ಷ ಸಾಕು, ನಿಮಗೂ ಸೇರಿಸಿ. ಈಗ ಕುರ್ಚಿ ಜೋಡಿಸುತ್ತಿರುವ ಪಿಯುಸಿ ಹುಡುಗ ನಾಳೆ ನಿಮ್ಮ ಮೇಲೆ ನಮಗೆ ಪತ್ರ ಬರೆಯಬಾರದಲ್ಲ! ತಿದ್ದುಪಡಿಗೆ ಮಹಾಸಭೆಯ ಒಪ್ಪಿಗೆ ಬೇಕು. ನೋಟಿಸ್ ಎಷ್ಟು ದಿನ ಮುಂಚೆ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಎಷ್ಟು ಎಂದು ನಿಮ್ಮ ಬೈಲಾದಲ್ಲೇ ಇರುತ್ತದೆ. ಅದೂ ಅವರ ಮನೆಯಲ್ಲೇ ಇದ್ದರೆ, ನೋಂದಣಿ ಕಚೇರಿಗೆ ಅರ್ಜಿ ಹಾಕಿ ನಕಲು ತೆಗೆದುಕೊಳ್ಳಿ.