ಸಂಕಟದ ಹೊತ್ತಿನಲ್ಲಿ ಪ್ರಾರ್ಥನೆಯ ಅಳತೆ

ಆಪತ್ತು ಬಂದಾಗ ಯೆಹೂದಿ ಧರ್ಮವು ಪ್ರಾರ್ಥಿಸು ಎನ್ನುತ್ತದೆಯೋ, ಎದ್ದು ಕೆಲಸ ಮಾಡು ಎನ್ನುತ್ತದೆಯೋ ಎಂದು ನೀವು ಕೇಳಿದ್ದೀರಿ. ಆ ಪರಂಪರೆಯ ಗ್ರಂಥಗಳನ್ನು ಆಸ್ಥೆಯಿಂದ ಓದುತ್ತಾ ಬಂದಿರುವ ನನಗೆ ಕಂಡಂತೆ, ಅಲ್ಲಿ ಎರಡೂ ಬೇಕೇ ಬೇಕು. ಪ್ರಾರ್ಥನೆ ಎಷ್ಟು ಹೊತ್ತು ನಡೆಯಬೇಕು ಎಂಬುದೇ ನಿಜವಾದ ಚರ್ಚೆ.

ಬೈಬಲಿನ ವಿಮೋಚನಕಾಂಡದ 14ನೆಯ ಅಧ್ಯಾಯದಲ್ಲಿ, ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲ್ಯರ ಹಿಂದೆ ಅಲ್ಲಿನ ಅರಸ ಫರೋಹನ ಸೈನ್ಯ, ಮುಂದೆ ಸಮುದ್ರ. ಆಗ ದೇವರು ಅವರ ನಾಯಕ ಮೋಶೆಗೆ, ನನಗೇಕೆ ಮೊರೆಯಿಡುತ್ತೀ, ಮುಂದಕ್ಕೆ ಹೊರಡುವಂತೆ ಜನರಿಗೆ ಹೇಳು ಎನ್ನುತ್ತಾನೆ. ಯೆಹೂದಿ ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಸೋಟಾ ಭಾಗವು ಈ ಗಳಿಗೆಯನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಮೊದಲು ಇಳಿಯಲು ಯಾವ ಕುಲವೂ ಒಪ್ಪದಿರುವಾಗ ಯೆಹೂದ ಕುಲದ ನಹಶೋನನು ಸಮುದ್ರಕ್ಕೆ ಇಳಿದುಬಿಡುತ್ತಾನೆ. ನೀರು ಕುತ್ತಿಗೆಯವರೆಗೆ ಏರಿದೆ, ಕಾಪಾಡು ಎಂದು ಅಲ್ಲಿಂದಲೇ ಮೊರೆಯಿಡುತ್ತಾನೆ. ಅತ್ತ ಮೋಶೆ ದೀರ್ಘ ಪ್ರಾರ್ಥನೆಯಲ್ಲಿ ನಿಂತಿದ್ದಾನೆ. ನನ್ನ ಪ್ರಿಯರು ಮುಳುಗುತ್ತಿರುವಾಗ ನೀನು ಪ್ರಾರ್ಥನೆಯನ್ನು ಬೆಳೆಸುತ್ತಿದ್ದೀಯಾ ಎಂದು ದೇವರು ಅವನನ್ನು ಗದರುತ್ತಾನೆ. ಇಬ್ಬರೂ ಪ್ರಾರ್ಥಿಸುವವರೇ ಎಂಬುದನ್ನು ದಯವಿಟ್ಟು ಗಮನಿಸಿ. ಇದೇ ಮೋಶೆ, ಜನರು ಚಿನ್ನದ ಕರುವನ್ನು ಪೂಜಿಸಿದ ಪಾಪಕ್ಕಾಗಿ 40 ದಿನ ಬೇಡಿಕೊಂಡವನು. ಅಕ್ಕ ಮಿರ್ಯಾಮಳಿಗೆ ಕುಷ್ಠ ತಗುಲಿದಾಗ ಅವನು ಆಡಿದ್ದು ಹೀಬ್ರೂವಿನ ಐದೇ ಪದ.

ಹಾಗೆಂದು ಪ್ರಾರ್ಥನೆಯನ್ನು ಕೈಬಿಡುವಂತಿಲ್ಲ. ವಿಪತ್ತು ಬಂದಾಗ ಮೊರೆಯಿಡದೆ, ಇದೆಲ್ಲ ಆಕಸ್ಮಿಕವೆಂದು ಸುಮ್ಮನಾಗುವುದು ಕ್ರೌರ್ಯವೆಂದು 12ನೆಯ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡೀಸ್ ಬರೆದಿದ್ದಾನೆ, ಏಕೆಂದರೆ ಹಾಗೆ ನಂಬಿದವರು ತಮ್ಮ ನಡತೆಯನ್ನು ತಿದ್ದಿಕೊಳ್ಳುವುದಿಲ್ಲ. ತಾಲ್ಮುದಿಗೆ ಆಧಾರವಾದ ಧರ್ಮನಿಯಮಗಳ ಸಂಗ್ರಹ ಮಿಶ್ನಾ ಹೇಳುವ ಬರಗಾಲದ ಉಪವಾಸದಲ್ಲೂ ಇದೇ ಎಳೆಯಿದೆ: ಧರ್ಮಗ್ರಂಥದ ಪೆಟ್ಟಿಗೆಯನ್ನು ಊರಿನ ಚೌಕಕ್ಕೆ ತಂದು, ಅದರ ಮೇಲೂ ಮುಖಂಡರ ತಲೆಯ ಮೇಲೂ ಬೂದಿ ಹಾಕಿದ ಮೇಲೆ, ಹಿರಿಯನೊಬ್ಬನು, ಪಶ್ಚಾತ್ತಾಪಪಟ್ಟು ದೇವರ ಕ್ಷಮೆ ಪಡೆದ ನಿನೆವೆ ಪಟ್ಟಣದ ಜನರನ್ನು ನೆನಪಿಸಿ, ದೇವರು ನೋಡಿದ್ದು ಅವರ ಗೋಣಿತಟ್ಟನ್ನೂ ಉಪವಾಸವನ್ನೂ ಅಲ್ಲ, ಅವರ ಕೃತಿಗಳನ್ನು ಎನ್ನುತ್ತಾನೆ.

ನನ್ನ ಮನಸ್ಸಿನಲ್ಲಿ ಬಹಳ ಉಳಿದಿರುವುದು 1831ರ ಕಾಲರಾ. ಇಂದು ಪೋಲೆಂಡಿನಲ್ಲಿರುವ ಪೊಜ್ನಾನ್ ನಗರದ ರಬ್ಬಿ (ಯೆಹೂದಿ ಧರ್ಮಗುರು) ಅಕಿವಾ ಎಗರ್ ಅವರು ಪ್ರಾರ್ಥನಾ ಮಂದಿರವನ್ನು ಮುಚ್ಚಿಸಲಿಲ್ಲ, ಹಿಂದಿನಂತೆ ಕಿಕ್ಕಿರಿಯಲೂ ಬಿಡಲಿಲ್ಲ. ಸುಮಾರು 15 ಜನರ ಗುಂಪುಗಳು ನಸುಕಿನಿಂದಲೇ ಸರದಿಯಂತೆ ಒಳಗೆ ಹೋಗಿ ಪ್ರಾರ್ಥಿಸಿ ಬರುವಂತೆ ಗೊತ್ತುಮಾಡಿ, ನೂಕುನುಗ್ಗಲಾಗದಂತೆ ಕಾವಲು ಇಡಬೇಕೆಂದೂ ಸೂಚಿಸಿದರು.